ಹುಬ್ಬಳ್ಳಿ-ಧಾರವಾಡದಲ್ಲಿ ಹಿಂದೂಸ್ತಾನಿ ವಯಲಿನ್ ನಂಬಿ ಬದುಕಬಹುದೇ?

ಮಗಳು ಪಿಯುಸಿ ಮುಗಿಸಿದ್ದಾಳೆ, ಮುಂದೆ ವಯಲಿನ್ ಒಂದೇ ಸಾಕು ಅಂತಿದ್ದಾಳೆ, ನಮ್ಮ ಕಡೆ ಹಿಂದೂಸ್ತಾನಿ ವಯಲಿನ್ ನುಡಿಸುವವರ ಬದುಕು ಹೇಗಿರುತ್ತದೆ ಎಂದು ಕೇಳಿದ್ದೀರಿ. ನಾನು ಧಾರವಾಡದವನು. 28 ವರ್ಷದಿಂದ ಇದೇ ಕೆಲಸ.

ಬದುಕಬಹುದು. ಆದರೆ ಮನೆ ನಡೆಯುವುದು ಪಾಠದಿಂದ, ಕಾರ್ಯಕ್ರಮದಿಂದ ಅಲ್ಲ. ನನ್ನದು ಬೆಳಿಗ್ಗೆ ಆರಕ್ಕೆ ರಿಯಾಜ್, ಅಂದರೆ ಅಭ್ಯಾಸ, ಸಂಜೆ ನಾಲ್ಕರಿಂದ ಎಂಟೂವರೆವರೆಗೆ ಮಕ್ಕಳ ಪಾಠ. ಶ್ರಾವಣ, ಗಣೇಶ ಹಬ್ಬ, ನವರಾತ್ರಿಯಲ್ಲಿ ಪುರುಸೊತ್ತಿಲ್ಲ. ಏಪ್ರಿಲ್-ಮೇ ತಿಂಗಳಲ್ಲಿ ಕೆಲವೊಮ್ಮೆ ಒಂದು ಫೋನೂ ಬರುವುದಿಲ್ಲ. ದಾಸವಾಣಿ, ವಚನ ಗಾಯನ, ಸುಗಮ ಸಂಗೀತ, ಯಾವುದಕ್ಕೆ ಕರೆದರೂ ಹೋಗುತ್ತೇನೆ. ಅದರಲ್ಲಿ ಕೀಳು ಅನ್ನುವುದು ಏನೂ ಇಲ್ಲ.

ಇನ್ನೊಂದು ವಿಷಯ ಮಗಳಿಗೆ ಈಗಲೇ ಗೊತ್ತಿರಲಿ. ನಮ್ಮದು ಹಾಡಿಕೆಯ ನಾಡು. ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್, ಬಸವರಾಜ ರಾಜಗುರು, ಗದಗ ಕಡೆಯ ಭೀಮಸೇನ ಜೋಶಿ, ಎಲ್ಲರೂ ಹಾಡುವವರೇ. ಹಾಡುವವರ ಪಕ್ಕ ಇವತ್ತು ಕೂರುವುದು ತಬಲಾ ಮತ್ತು ಹಾರ್ಮೋನಿಯಂ. ವಯಲಿನ್ ಅವರು ಕರೆದರೆ ಮಾತ್ರ. ಹಿಂದೆ ಹೀಗಿರಲಿಲ್ಲ. 1940ರಿಂದ 1971ರವರೆಗೆ ಆಕಾಶವಾಣಿಯವರು ಹಾರ್ಮೋನಿಯಂ ಒಳಗೆ ಬಿಡುತ್ತಿರಲಿಲ್ಲ. ಅದರ ಸ್ವರಗಳು ಒಂದೊಂದೂ ಬೇರೆ ಬೇರೆ ನಿಲ್ಲುತ್ತವೆ, ಮೀಂಡ್, ಅಂದರೆ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವುದು, ಬರುವುದಿಲ್ಲ ಎಂಬುದು ದೊಡ್ಡ ತಕರಾರು. ಆಕಾಶವಾಣಿಯ ಧಾರವಾಡ ಕೇಂದ್ರ ಶುರುವಾದದ್ದು 1950ರಲ್ಲಿ, ಆ ನಿಷೇಧದ ನಡುವೆ. ಆ ಕಾಲದಲ್ಲಿ ಸಾರಂಗಿಗೂ ವಯಲಿನ್ನಿಗೂ ಹಾಡಿಕೆಯ ಪಕ್ಕ ಜಾಗ ಸಿಕ್ಕಿತು. ಹಾರ್ಮೋನಿಯಂ ಮರಳಿ ಬಂದ ಮೇಲೆ ಆ ಜಾಗವನ್ನು ನಾವು ನುಡಿಸಿಯೇ ಗಳಿಸಬೇಕಾಗಿದೆ.

ಹೇಗೆ ಗಳಿಸುವುದು? ಹಾಡು ಕಲಿತು. ನಿಮಗೆ ನಾನು ಮುಖ್ಯವಾಗಿ ಹೇಳಬೇಕಾದದ್ದು ಇದೇ. ನನ್ನ ಗುರುಗಳು ಮೊದಲ ಒಂದು ವರ್ಷ ಖ್ಯಾಲ್ ಬಂದಿಶ್‌ಗಳನ್ನು, ಅಂದರೆ ಹಿಂದೂಸ್ತಾನಿ ಗಾಯನದ ರಚನೆಗಳನ್ನು, ಬಾಯಲ್ಲೇ ಹೇಳಿಸಿದರು. ನನಗೆ ಆಗ ಸಿಟ್ಟು ಬರುತ್ತಿತ್ತು. ಆಮೇಲೆ ತಿಳಿಯಿತು. ಹಾಡುವವರು ಉಸಿರು ಎಲ್ಲಿ ತೆಗೆದುಕೊಳ್ಳುತ್ತಾರೋ, ಅಕ್ಷರ ಎಲ್ಲಿ ಬದಲಾಗುತ್ತದೋ, ನಮ್ಮ ಕಮಾನು ಅಲ್ಲೇ ತಿರುಗಬೇಕು. ಹಾಡಿನ ಸಾಹಿತ್ಯವೇ ಬಾರದಿದ್ದರೆ ಕಮಾನು ಎಲ್ಲೋ ತಿರುಗುತ್ತದೆ, ಮಾತು ತುಂಡಾದ ಹಾಗೆ ಕೇಳುತ್ತದೆ. ಗಜಾನನರಾವ್ ಜೋಶಿ ವಯಲಿನ್ನಿನಲ್ಲಿ ಎಷ್ಟು ದೊಡ್ಡವರೋ ಹಾಡಿಕೆಯಲ್ಲೂ ಅಷ್ಟೇ ದೊಡ್ಡವರು. ವಯಲಿನ್ ವಾದಕಿ ಎನ್. ರಾಜಂ ಅವರು ಕರ್ನಾಟಕ ಪದ್ಧತಿಯಲ್ಲಿ ಕಲಿತು, ಆಮೇಲೆ ಗಾಯಕ ಓಂಕಾರನಾಥ ಠಾಕೂರರ ಶಿಷ್ಯೆಯಾದವರು. ಅವರ ವಯಲಿನ್ ಹಾಡುತ್ತದೆ ಅನ್ನುತ್ತಾರಲ್ಲ, ಅದು ಸುಮ್ನೆ ಹೊಗಳಿಕೆಯಲ್ಲ.

ನಾನು ಪೆಟ್ಟು ತಿಂದ ಒಂದು ಸಂಜೆ ಹೇಳುತ್ತೇನೆ. ನನಗೆ ಆಗ 24. ಹಿರಿಯ ಗಾಯಕಿಯೊಬ್ಬರ ಹಾಡಿಕೆಗೆ ಸಾಥ್ ಮಾಡುತ್ತಿದ್ದೆ, ಅಂದರೆ ಜೊತೆಗೆ ನುಡಿಸುತ್ತಿದ್ದೆ, ರಾಗ ಪೂರಿಯಾ. ಪೂರಿಯಾ, ಮಾರವಾ ಎರಡು ರಾಗಕ್ಕೂ ಸ್ವರಗಳು ಅವೇ. ಪೂರಿಯಾದಲ್ಲಿ ಗಂಧಾರ-ನಿಷಾದಕ್ಕೆ (ಗ, ನಿ) ಒತ್ತು, ಮಾರವಾದಲ್ಲಿ ರಿಷಭ-ಧೈವತಕ್ಕೆ (ರಿ, ಧ). ಅವತ್ತು ನನ್ನ ರಿಷಭ ತುಂಬಾ ಚೆನ್ನಾಗಿ ಹತ್ತಿತ್ತು. ಕಮಾನಿಗೆ ಉಸಿರಿನ ಮಿತಿ ಇಲ್ಲವಲ್ಲ, ಎಳೆದೇ ಎಳೆದೆ. ಮಾರವಾದ ನೆರಳು ಬಿತ್ತು. ಅವರು ತಿರುಗಿ ನೋಡಲಿಲ್ಲ. ಗಂಧಾರ ಹಿಡಿದು ನಿಂತರು. ನಾನು ಅಲ್ಲಿಗೆ ಬಂದು ಸೇರುವವರೆಗೂ ಬಿಡಲಿಲ್ಲ. ಕಾರ್ಯಕ್ರಮ ಮುಗಿದ ಮೇಲೆ ಚಹಾ ಕೊಟ್ಟು, "ಹಾಡಿ ನೋಡಿದ್ದರೆ ನಿನಗೇ ತಿಳೀತಿತ್ತಪ್ಪಾ" ಅಂದರು. ಅಷ್ಟೇ. ಆವತ್ತಿನಿಂದ ಯಾವ ರಾಗವನ್ನೂ ಮೊದಲು ಹಾಡಿಕೊಳ್ಳದೆ ನಾನು ನುಡಿಸಿಲ್ಲ.

ದಾರಿ ಬಗ್ಗೆ ಸ್ವಲ್ಪ. ಗಾಂಧರ್ವ ಮಹಾವಿದ್ಯಾಲಯ ಮಂಡಲದ ವಿಶಾರದ ಪರೀಕ್ಷೆ ಇರಲಿ, ಪಾಠ ಹೇಳಲು ಅನುಕೂಲ. ಆಕಾಶವಾಣಿ ಆಡಿಷನ್ ಕೊಡಲಿ. ಬಿ, ಬಿ-ಹೈ, ಎ, ಟಾಪ್ ಎಂದು ಗ್ರೇಡ್ ಇರುತ್ತವೆ, ಸಂಘಟಕರು ಅದನ್ನು ಕೇಳುತ್ತಾರೆ. ಗದಗಿನ ವೀರೇಶ್ವರ ಪುಣ್ಯಾಶ್ರಮಕ್ಕೆ ಒಮ್ಮೆ ಕರೆದುಕೊಂಡು ಹೋಗಿ. ಕಣ್ಣಿಲ್ಲದ ಪುಟ್ಟರಾಜ ಗವಾಯಿಗಳು ಹಾಡುವುದರ ಜೊತೆಗೆ ಹಾರ್ಮೋನಿಯಂ, ತಬಲಾ, ವಯಲಿನ್ ಎಲ್ಲ ನುಡಿಸುತ್ತಿದ್ದರು, ಸಾವಿರಾರು ಮಕ್ಕಳಿಗೆ ದಾರಿ ತೋರಿಸಿದರು. ಅಲ್ಲಿ ಮಕ್ಕಳು ಕಲಿಯುವುದನ್ನು ಅವಳು ನೋಡಬೇಕು. ಕುಂದಗೋಳದಲ್ಲಿ ಗಾಯಕ ಸವಾಯಿ ಗಂಧರ್ವರ ನೆನಪಿನ ಅಹೋರಾತ್ರಿ ಸಂಗೀತವನ್ನೂ ಬೆಳಗಿನವರೆಗೆ ಕೂತು ಕೇಳಲಿ.

ವಾದ್ಯಕ್ಕೆ ಮೊದಲೇ ಜಾಸ್ತಿ ದುಡ್ಡು ಹಾಕಬೇಡಿ. ಧಾರವಾಡದ ಮಳೆಗಾಲದಲ್ಲಿ ಕಮಾನಿನ ಕೂದಲು ಸಡಿಲಾಗುತ್ತದೆ, ತಂತಿ ಬಿಗಿಸುವ ಬಿರಡೆ ಉಬ್ಬಿ ಬಿಗಿಯಾಗುತ್ತದೆ. ಆಗ ಜೋರು ಮಾಡಿ ತಿರುಗಿಸಬಾರದು, ಅಷ್ಟು ನೆನಪಿರಲಿ.

ಅವಳು ಹಾಡಿಕೆ ಎಷ್ಟು ಕಲಿತಿದ್ದಾಳೆ? ಅದನ್ನು ನೀವು ಬರೆದಿಲ್ಲ. ತಿಳಿಸಿದರೆ ಯಾವ ರಾಗದಿಂದ ಶುರು ಮಾಡಬಹುದು ಎಂದು ಹೇಳುತ್ತೇನೆ.