ವ್ಯಾನ್ ಎತ್ತರಿಸುವ ಮುನ್ನ ಅದರ ಅಡಿಯನ್ನೊಮ್ಮೆ ನೋಡಿ

ವಾಹನ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಮ್ಮದು ಮದ್ದೂರು ತಾಲ್ಲೂಕಿನ ಒಂದು ಹಳ್ಳಿ. ಸ್ವಂತ ಬಳಕೆಗೆ ಆರು ವರ್ಷ ಹಳೆಯದಾದ ಮಾರುತಿ ಈಕೋ ಇಟ್ಟುಕೊಂಡಿದ್ದೇವೆ. ಕಬ್ಬು ಕಡಿಯುವ ಕಾಲದಲ್ಲಿ ಟ್ರ್ಯಾಕ್ಟರುಗಳು ಓಡಾಡಿ, ನಾಲೆ ಏರಿಯ ದಾರಿಯಲ್ಲಿ ಎರಡು ಆಳವಾದ ಜಾಡು ಬಿದ್ದು, ನಡುವೆ ಉಳಿಯುವ ಮಣ್ಣಿನ ದಿಂಡು ಗಾಡಿಯ ತಳಕ್ಕೆ ತಾಗುತ್ತದೆ. ಮೈಸೂರಿನ ಒಂದು ಗ್ಯಾರೇಜಿನವರು ಸ್ಪ್ರಿಂಗುಗಳಿಗೆ ಎರಡು ಅಂಗುಲದ ಸ್ಪೇಸರ್ (ಎತ್ತರಿಸಲು ಇಡುವ ಬಿಲ್ಲೆ) ಕೊಟ್ಟು, ಈಗಿರುವ 155/65 ಆರ್ 13 ಟೈರುಗಳ ಬದಲು 175/70 ಆರ್ 13 ಟೈರುಗಳನ್ನು ಹಾಕಿಕೊಡುವುದಾಗಿ ಹೇಳುತ್ತಾರೆ. ಹಾಕಿಸಬಹುದೇ? ಕಾನೂನಿನ ತೊಡಕೇನಾದರೂ ಇದೆಯೇ?

ಉತ್ತರ: ಸ್ಪೇಸರ್ ಹಾಕಿಸಬೇಡಿ ಎಂಬುದೇ ನಮ್ಮ ಸಲಹೆ. ಆದರೆ ಅದಕ್ಕೂ ಮೊದಲು ದಿಂಡಿಗೆ ತಾಗುತ್ತಿರುವ ಭಾಗ ಯಾವುದೆಂದು ತಿಳಿದುಕೊಳ್ಳಿ. ಸುಣ್ಣವನ್ನು ಗಟ್ಟಿಯಾಗಿ ಕಲಸಿ, ಹಿಂದಿನ ಆಕ್ಸಲ್ಲಿನ ನಡುವೆ ಉಬ್ಬಿಕೊಂಡಿರುವ ಡಿಫರೆನ್ಷಿಯಲ್ಲಿಗೆ (ಎಂಜಿನ್ನಿನ ಬಲವನ್ನು ಎರಡೂ ಹಿಂಚಕ್ರಗಳಿಗೆ ಹಂಚುವ ಹಲ್ಲುಗಾಲಿಗಳ ಪೆಟ್ಟಿಗೆ), ಸೈಲೆನ್ಸರಿಗೆ ಮತ್ತು ಮುಂಭಾಗದ ಅಡ್ಡಪಟ್ಟಿಗೆ ಬಳಿದು, ಎಂದಿನಷ್ಟೇ ಜನರನ್ನು ಕೂರಿಸಿಕೊಂಡು ಆ ದಾರಿಯಲ್ಲಿ ನಿಧಾನವಾಗಿ ಒಮ್ಮೆ ಹೋಗಿ ಬನ್ನಿ. ಸುಣ್ಣ ಎಲ್ಲಿ ಅಳಿಸಿದೆಯೋ ತೊಂದರೆ ಇರುವುದು ಅಲ್ಲಿಯೇ. ಪಾಂಡವಪುರದ ಕಡೆಯಿಂದ ಬಂದಿದ್ದ ಇಂಥದೇ ಒಂದು ವ್ಯಾನಿನ ಅಡಿಯಲ್ಲಿ ನಾನು ಟಾರ್ಚ್ ಹಿಡಿದು ಮಲಗಿ ನೋಡಿದಾಗ, ಸೈಲೆನ್ಸರಿನ ಮೇಲೆ ಒಂದು ಗೀರೂ ಇರಲಿಲ್ಲ. ಡಿಫರೆನ್ಷಿಯಲ್ಲಿನ ಕೆಳಭಾಗ ಮಾತ್ರ ಬಣ್ಣವೆಲ್ಲ ಹೋಗಿ, ತಿಕ್ಕಿದ ಹಿತ್ತಾಳೆ ತಂಬಿಗೆಯ ತಳದಂತೆ ಹೊಳೆಯುತ್ತಿತ್ತು. ನಡುದಿಂಡಿನ ದಾರಿಯಲ್ಲಿ ಓಡುವ ಈ ಬಗೆಯ ವ್ಯಾನುಗಳಲ್ಲಿ ಪೆಟ್ಟು ಬೀಳುವುದು ಸಾಮಾನ್ಯವಾಗಿ ಅಲ್ಲಿಗೇ.

ನಿಮ್ಮ ಗಾಡಿಯಲ್ಲೂ ಹೀಗೆಯೇ ಆಗಿದ್ದರೆ ಸ್ಪೇಸರಿನಿಂದ ಪ್ರಯೋಜನವಿಲ್ಲ. ಈಕೋದಲ್ಲಿ ಹಿಂದಿನ ಎರಡೂ ಚಕ್ರಗಳನ್ನು ಕೂಡಿಸುವುದು ಒಂದೇ ಗಟ್ಟಿ ಆಕ್ಸಲ್. ಸ್ಪ್ರಿಂಗುಗಳು ಅದರ ಮೇಲೆ ಕೂತು ಬಾಡಿಯನ್ನು ಹೊರುತ್ತವೆ. ಸ್ಪ್ರಿಂಗಿಗೆ ಎರಡು ಅಂಗುಲ ಸೇರಿಸಿದರೆ ಮೇಲೇಳುವುದು ಬಾಡಿ, ಪೆಟ್ರೋಲ್ ಟ್ಯಾಂಕು ಮತ್ತು ಬಂಪರು ಮಾತ್ರ. ಆಕ್ಸಲ್ಲೂ ಅದರ ನಡುವಿನ ಉಬ್ಬೂ ನೆಲದಿಂದ ಮೊದಲಿದ್ದಷ್ಟೇ ಎತ್ತರದಲ್ಲಿ ಇರುತ್ತವೆ. ಅವನ್ನು ಎತ್ತಬಲ್ಲದ್ದು ಟೈರು ಒಂದೇ. ಈಗಿನ ಟೈರಿನ ವ್ಯಾಸ ಸುಮಾರು 532 ಮಿ.ಮೀ., ಅವರು ಹೇಳಿದ ಟೈರಿನದು ಸುಮಾರು 575 ಮಿ.ಮೀ.; ಆಕ್ಸಲ್ ಏರುವುದು ಈ ವ್ಯತ್ಯಾಸದ ಅರ್ಧದಷ್ಟು, ಅಂದರೆ 22 ಮಿ.ಮೀ. ಅಷ್ಟೆಲ್ಲ ಖರ್ಚು ಮಾಡಿದ ಮೇಲೆ ನಿಮಗೆ ಸಿಗುವುದು ಹೆಬ್ಬೆರಳಿನ ಅಗಲದಷ್ಟು ಜಾಗ.

ಪ್ರಯೋಜನವಿಲ್ಲದಿದ್ದರೆ ಹೋಗಲಿ, ಸ್ಪೇಸರಿನಿಂದ ಕೆಡುಕೂ ಇದೆ. ಬಾಡಿ ಮೇಲೆದ್ದಾಗ ಎಂಜಿನ್ನಿನ ಬಲವನ್ನು ಹಿಂದಿನ ಆಕ್ಸಲ್ಲಿಗೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಜಾಯಿಂಟುಗಳು ಹೆಚ್ಚು ಓರೆಯಾಗಿ ತಿರುಗಬೇಕಾಗುತ್ತದೆ. ಆಕ್ಸಲನ್ನು ಅಕ್ಕಪಕ್ಕಕ್ಕೆ ಸರಿಯದಂತೆ ಹಿಡಿದಿರುವ ಅಡ್ಡ ರಾಡು ಅದನ್ನು ಒಂದು ಪಕ್ಕಕ್ಕೆ ಎಳೆಯುತ್ತದೆ. ಚಕ್ರ ಗುಂಡಿಗೆ ಇಳಿದಾಗ ಶಾಕ್ ಅಬ್ಸಾರ್ಬರು ಪೂರ್ತಿ ಚಾಚಿಕೊಂಡು ಹೊಡೆಯುತ್ತದೆ, ಬ್ರೇಕಿನ ರಬ್ಬರ್ ಪೈಪು ಬಿಗಿಯುತ್ತದೆ. ಮುಂದಿನ ಚಕ್ರಗಳ ಅಲೈನ್‌ಮೆಂಟ್ ಬದಲಾಗಿ ಟೈರು ಒಂದೇ ಅಂಚಿನಲ್ಲಿ ಸವೆಯುತ್ತದೆ. ಇವೆಲ್ಲಕ್ಕಿಂತ ನನಗೆ ಹೆಚ್ಚಿನ ಆತಂಕವಿರುವುದು ವಾಲುವಿಕೆಯ ಬಗ್ಗೆ. ಈಕೋದ ಅಗಲ ಒಂದೂವರೆ ಮೀಟರಿಗಿಂತ ಕಡಿಮೆ, ಎತ್ತರ ಸುಮಾರು 1.8 ಮೀಟರ್. ಮೊದಲೇ ಕಿರಿದಾಗಿ ಎತ್ತರವಾಗಿರುವ ಗಾಡಿಯ ಭಾರವನ್ನು ಇನ್ನೂ ಮೇಲಕ್ಕೆ ಒಯ್ದರೆ, ಮೇಲುಕೋಟೆ ಬೆಟ್ಟದ ತಿರುವಿನಲ್ಲಿ ಮನೆಮಂದಿಯೆಲ್ಲ ಕೂತಿರುವಾಗ ಅದು ಹೇಗೆ ಮಗ್ಗುಲಿಗೆ ಬಾಗುತ್ತದೆ ಎಂದು ಯೋಚಿಸಿ. ನೀವು ಓಡಾಡುವುದಂತೂ ನಾಲೆ ಏರಿಯ ಮೇಲೆ. 2018ರ ನವೆಂಬರಿನಲ್ಲಿ ಕನಗನಮರಡಿಯ ಬಳಿ ಬಸ್ಸೊಂದು ವಿಶ್ವೇಶ್ವರಯ್ಯ (ವಿ.ಸಿ.) ನಾಲೆಗೆ ಉರುಳಿ 30 ಜನ ಸತ್ತದ್ದನ್ನು ಮಂಡ್ಯದವರು ಮರೆತಿಲ್ಲ. ಅಲ್ಲಿನ ಕಾರಣ ಬೇರೆಯೇ ಇದ್ದಿರಬಹುದು, ಆದರೆ ಏರಿಯ ಮೇಲೆ ವಾಲಿದ ಗಾಡಿಯನ್ನು ಸಾವರಿಸಿಕೊಳ್ಳಲು ಪಕ್ಕದಲ್ಲಿ ಜಾಗವಿರುವುದಿಲ್ಲ.

ಟೈರು ಮಾತ್ರ ದೊಡ್ಡದು ಹಾಕಿಸಿದರೂ ಬೆಲೆ ತೆರಬೇಕು. ವ್ಯಾಸ ಶೇಕಡ 8ರಷ್ಟು ಹೆಚ್ಚುವುದರಿಂದ, ಸ್ಪೀಡೋಮೀಟರ್ ಈಗ ಸರಿಯಾಗಿದೆ ಎಂದಿಟ್ಟುಕೊಂಡರೆ, ಮುಳ್ಳು 60 ತೋರಿಸುವಾಗ ಗಾಡಿ 65ರಲ್ಲಿ ಓಡುತ್ತಿರುತ್ತದೆ. ಏರಿನಲ್ಲಿ ಎಳೆತ ತಗ್ಗಿ, ಕ್ಲಚ್ಚಿನ ಮೇಲೆ ಹೊರೆ ಬೀಳುತ್ತದೆ. ಸ್ಟಿಯರಿಂಗ್ ಪೂರ್ತಿ ತಿರುಗಿಸಿದಾಗ ಟೈರು ಮಡ್‌ಗಾರ್ಡಿನ ಒಳಮೈಗೆ ಉಜ್ಜುವ ಸಾಧ್ಯತೆಯೂ ಇದೆ.

ಕಾನೂನಿನ ಮಾತು ಹೀಗಿದೆ. ನೋಂದಣಿ ಪತ್ರದಲ್ಲಿನ ವಿವರಗಳು ತಯಾರಕರು ಮೂಲತಃ ನಿಗದಿಪಡಿಸಿದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸಬಾರದು ಎಂದು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಹೇಳುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಸೇರಿದ 182ಎ ಕಲಮಿನ ಪ್ರಕಾರ ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ ಮಾಲೀಕರಿಗೆ 5000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗಿನ ಸೆರೆವಾಸ, ಅಥವಾ ಎರಡನ್ನೂ ವಿಧಿಸಬಹುದು. ಅಪಘಾತವಾದಾಗ ವಿಮೆಯವರೂ ಇದನ್ನೇ ಮುಂದಿಟ್ಟು ತಕರಾರು ತೆಗೆಯಬಹುದು.

ಹಾಗಾದರೆ ಮಾಡಬೇಕಾದದ್ದೇನು? ಆರು ವರ್ಷ ಹೊರೆ ಹೊತ್ತ ಸ್ಪ್ರಿಂಗುಗಳು ಕುಗ್ಗಿರಬಹುದು. ಚಕ್ರದ ನಟ್ಟನಡುವಿನಿಂದ ಮೇಲಿನ ಮಡ್‌ಗಾರ್ಡಿನ ಅಂಚಿನವರೆಗೆ ನಾಲ್ಕೂ ಕಡೆ ಟೇಪು ಹಿಡಿದು ಅಳೆದು, ಶೋರೂಮಿನಲ್ಲಿರುವ ಹೊಸ ಗಾಡಿಯ ಅಳತೆಯೊಡನೆ ಹೋಲಿಸಿ. ಕಡಿಮೆಯಿದ್ದರೆ ಕಂಪನಿಯ ಸ್ಪ್ರಿಂಗು, ಬುಷ್ಷು, ಶಾಕ್ ಅಬ್ಸಾರ್ಬರುಗಳನ್ನು ಹೊಸದಾಗಿ ಹಾಕಿಸಿ. ಬಾಡಿ ಕಳೆದುಕೊಂಡ ಎತ್ತರ ಕಾನೂನುಬದ್ಧವಾಗಿಯೇ ಮರಳಿ ಬರುತ್ತದೆ. ಟೈರು ಸವೆದಿದ್ದರೆ ಕಂಪನಿಯ ಕೈಪಿಡಿಯಲ್ಲಿ ನಿಮ್ಮ ಮಾದರಿಗೆ ಹೇಳಿರುವ ಅಳತೆಯದನ್ನೇ ತನ್ನಿ, ಗಾಳಿಯನ್ನು ಪೂರ್ಣ ಹೊರೆಗೆ ಹೇಳಿದಷ್ಟು ಹಿಡಿಸಿ. ಇಷ್ಟಾದ ಮೇಲೂ ಡಿಫರೆನ್ಷಿಯಲ್ ತಾಗುವುದಾದರೆ ತಿದ್ದಬೇಕಾದದ್ದು ದಾರಿಯನ್ನೇ. ಕಬ್ಬು ಸಾಗಿಸುವ ನಾಲ್ಕಾರು ಮನೆಯವರು ಕೂಡಿ, ಕಟಾವು ಮುಗಿದ ವಾರದಲ್ಲಿ ಟ್ರ್ಯಾಕ್ಟರಿಗೆ ಬ್ಲೇಡು ಕಟ್ಟಿ ದಿಂಡನ್ನು ಜಾಡಿಗೆ ಎಳೆಸಿದರೆ ಅರ್ಧ ದಿನದ ಕೆಲಸ. ಅಲ್ಲಿಯವರೆಗೆ ಗೊಬ್ಬರದ ಮೂಟೆ ಇದ್ದ ದಿನ ಜನರನ್ನು ಏರಿಯ ಆಚೆಯೇ ಇಳಿಸಿ, ಗಾಡಿಯನ್ನು ಹಗುರ ಮಾಡಿಕೊಂಡು ದಾಟಿ.

ಪ್ರಶ್ನೆ: ನಮ್ಮ ವ್ಯಾನಿಗೆ ಹಿಂದಿನ ಮಾಲೀಕರು ನಾಲ್ಕೂ ಟೈರು ದೊಡ್ಡದು ಹಾಕಿಸಿದ್ದಾರೆ, ಸ್ಟೆಪ್ನಿ ಮಾತ್ರ ಹಳೆಯ ಅಳತೆಯದು. ಹೀಗೇ ಇಟ್ಟುಕೊಳ್ಳಬಹುದೇ? (ಮೈಸೂರಿನ ಓದುಗರು)

ಉತ್ತರ: ಬೇಡ. ಸ್ಟೆಪ್ನಿಯನ್ನು ಹಿಂದಿನ ಚಕ್ರಕ್ಕೆ ಹಾಕಿದಾಗ ಒಂದು ಚಕ್ರ ಸಣ್ಣದು, ಒಂದು ದೊಡ್ಡದು ಎಂದಾಗಿ, ಗಾಡಿ ನೇರವಾಗಿ ಹೋಗುತ್ತಿದ್ದರೂ ಡಿಫರೆನ್ಷಿಯಲ್ಲಿನ ಹಲ್ಲುಗಳು ಬಿಡುವಿಲ್ಲದೆ ಕೆಲಸ ಮಾಡಬೇಕಾಗುತ್ತದೆ. ಬ್ರೇಕ್ ಹಾಕಿದಾಗ ಗಾಡಿ ಪಕ್ಕಕ್ಕೆ ಎಳೆಯುವುದೂ ಉಂಟು. ಮುಂದಿನ ಬಾರಿ ಟೈರು ಬದಲಿಸುವಾಗ ನಾಲ್ಕನ್ನೂ ಮೂಲ ಅಳತೆಗೆ ತನ್ನಿ. ಅಷ್ಟರಲ್ಲಿ ಪಂಕ್ಚರ್ ಆದರೆ ಸ್ಟೆಪ್ನಿಯನ್ನು ಮುಂದಿನ ಚಕ್ರಕ್ಕೆ ಹಾಕಿ (ಪಂಕ್ಚರ್ ಆದದ್ದು ಹಿಂದಿನದಾದರೆ ಮುಂದಿನ ಒಂದು ಚಕ್ರವನ್ನು ಹಿಂದಕ್ಕೆ ಹಾಕಿಕೊಂಡು), ಹತ್ತಿರದ ಪಂಕ್ಚರ್ ಅಂಗಡಿಯವರೆಗೆ ಮಾತ್ರ ನಿಧಾನವಾಗಿ ಓಡಿಸಿ.