ಹನ್ನೊಂದನೇ ತಿದ್ದುಪಡಿ: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗಬಾರದೆಂದು ವಯಸ್ಸು, ಕೆಲಸದ ವಿವರ ಮತ್ತು ಮಾತುಗಳಲ್ಲಿ ಕೆಲವನ್ನು ಬದಲಿಸಲಾಗಿದೆ.)

ವಿ ಅವರಿಗೆ 34 ವರ್ಷ. ಗ್ರಾಫಿಕ್ ಡಿಸೈನರ್. ಆರು ವರ್ಷಗಳಿಂದ ಯಾವ ಕಚೇರಿಗೂ ಸೇರದೆ ಫ್ರೀಲ್ಯಾನ್ಸ್ ಆಗಿ ದುಡಿಯುತ್ತಿದ್ದಾರೆ. ಬಂದ ದಿನ ಅವರು ಹೇಳಿದ ಮೊದಲ ಮಾತು: "ನಂಗೆ ಸಿಟ್ಟು ಜಾಸ್ತಿ ಆಗಿದೆ, ಕಮ್ಮಿ ಮಾಡ್ಕೋಬೇಕು." ಹಿಂದಿನ ವಾರ ರಾತ್ರಿ 11.40ಕ್ಕೆ ಒಬ್ಬ ಕ್ಲೈಂಟಿಗೆ ಕಳಿಸಿದ ಇಮೇಲ್ ಅವರನ್ನು ಇಲ್ಲಿಗೆ ತಂದಿತ್ತು. ಒಂದು ಲೋಗೊಗೆ ಹನ್ನೊಂದನೇ ತಿದ್ದುಪಡಿ ಕೇಳಿ ಸಂದೇಶ ಬಂದಿತ್ತು. "ನಿಮಗೇನು ಬೇಕು ಅಂತ ನಿಮಗೇ ಗೊತ್ತಿಲ್ಲ" ಎಂದು ಶುರುವಾದ ಉತ್ತರ ಎರಡು ಪುಟ ಹರಿದಿತ್ತು. ಬೆಳಿಗ್ಗೆ ಅದನ್ನೇ ಓದಿಕೊಂಡು ನಾಚಿಕೆಯಾಗಿ, ಕ್ಷಮೆ ಕೇಳಿ, ಆ ತಿದ್ದುಪಡಿಯನ್ನೂ ಪುಕ್ಕಟೆ ಮಾಡಿಕೊಟ್ಟರು. ಅಂದಿನಿಂದ ಫೋನಿನಲ್ಲಿ ಆ ಹೆಸರು ಕಂಡರೆ ಸಾಕು, ಕಿವಿ ಬಿಸಿಯಾಗುತ್ತದೆ, ದವಡೆ ಬಿಗಿಯುತ್ತದೆ, ಅರ್ಧ ಗಂಟೆ ಕೆಲಸ ಸಾಗುವುದಿಲ್ಲ.

ಸಿಟ್ಟು ಕಡಿಮೆ ಮಾಡುವ ಕೆಲಸಕ್ಕೆ ನಾವು ತಕ್ಷಣ ಕೈ ಹಾಕಲಿಲ್ಲ. ಹತ್ತು ಸಲ "ಆಯ್ತು, ಮಾಡಿಕೊಡ್ತೀನಿ" ಎಂದವರು ಹನ್ನೊಂದನೇ ಸಲ ಸಿಡಿದಿದ್ದಾರೆ ಎಂದರೆ, ನೋಡಬೇಕಾದದ್ದು ಮೊದಲ ಹತ್ತನ್ನು. ಹಾಗಾಗಿ ಎರಡು ವಾರ ಒಂದು ನೋಟ್‌ಬುಕ್ ಇಡಲು ಹೇಳಿದೆವು. ಅದರಲ್ಲಿ ಐದು ಕಾಲಂ: ಸಮಯ, ಕ್ಲೈಂಟ್ ಬರೆದ ಮಾತು ಇದ್ದ ಹಾಗೇ, ಅದನ್ನು ತಾವು ಓದಿಕೊಂಡ ರೀತಿ, ಮೈಯಲ್ಲಿ ಆದದ್ದು, ಆಮೇಲೆ ಮಾಡಿದ್ದು. ಎರಡನೇ ಮತ್ತು ಮೂರನೇ ಕಾಲಂ ಬೇರೆ ಬೇರೆ ಇರಲೇಬೇಕು. ಘಟನೆಗೂ ಭಾವನೆಗೂ ನಡುವೆ ನಮ್ಮ ನಂಬಿಕೆಯೊಂದು ಕೂತಿರುತ್ತದೆ ಎಂಬ, ಅಮೆರಿಕದ ಮನೋವಿಜ್ಞಾನಿ ಆಲ್ಬರ್ಟ್ ಎಲ್ಲಿಸ್ 1950ರ ದಶಕದಿಂದ ಬೆಳೆಸಿದ ವಿಧಾನವೇ ಇದರ ಮೂಲ.

ಒಂದು ನಮೂದು ಹೀಗಿತ್ತು. ರಾತ್ರಿ 9.25. ಬಂದ ಮಾತು: "ಏನೋ ಕಮ್ಮಿ ಇದೆ, ಇನ್ನೂ ಎದ್ದು ಕಾಣಬೇಕು." ಓದಿಕೊಂಡದ್ದು: "ನನಗೆ ಕೆಲಸ ಬರಲ್ಲ ಅಂತಿದ್ದಾರೆ." ಮೈಯಲ್ಲಿ: ಕಿವಿ, ದವಡೆ. ಮಾಡಿದ್ದು: ಒಂದು ಪ್ರಶ್ನೆಯನ್ನೂ ಕೇಳದೆ 20 ನಿಮಿಷದಲ್ಲಿ ಬಣ್ಣ ಬದಲಿಸಿ ಕಳಿಸಿದ್ದು.

ಎರಡು ವಾರಕ್ಕೆ 17 ನಮೂದು ಆದವು. ಅವುಗಳಲ್ಲಿ 11 ಒಬ್ಬರೇ ಕ್ಲೈಂಟಿನವು. ಆ 11ರಲ್ಲಿ ಒರಟು ಮಾತು ಇದ್ದದ್ದು ಎರಡರಲ್ಲಿ ಮಾತ್ರ. ಉಳಿದ ಒಂಬತ್ತು ಬರೀ ಅಸ್ಪಷ್ಟ. ಮೈಗೆ ಎರಡೂ ಒಂದೇ ಥರ ತಾಕುತ್ತವೆ, ಆದರೆ ಎರಡಕ್ಕೂ ಒಂದೇ ಮದ್ದಲ್ಲ. ತನಗೆ ಬೇಕಾದದ್ದನ್ನು ಹೇಳಲು ಬಾರದ ಕ್ಲೈಂಟಿಗೆ ಪ್ರಶ್ನೆ ಬೇಕು, ಮಾತು ಮೀರಿದವರಿಗೆ ಗಡಿ ಬೇಕು. ಅಸ್ಪಷ್ಟತೆಗೆ ಗಡಿ ಹಾಕಿದರೆ ಒಳ್ಳೆಯ ಕ್ಲೈಂಟ್ ಕೈತಪ್ಪುತ್ತಾರೆ. ಅವಮಾನಕ್ಕೆ ಪ್ರಶ್ನೆ ಕೇಳುತ್ತ ಕೂತರೆ ಅದು ಮುಂದುವರಿಯುತ್ತದೆ.

ನಮ್ಮ ಮೊದಲ ಸಲಹೆ ಉತ್ತರ ಕೊಡುವ ವೇಗದ ಬಗ್ಗೆ. ದವಡೆ ಬಿಗಿದಿರುವಾಗ ಕಳಿಸುವ ಗುಂಡಿ ಒತ್ತಬಾರದು. ಉತ್ತರವನ್ನು ಇಮೇಲಿನಲ್ಲಿ ಬರೆಯದೆ ಬೇರೆ ನೋಟ್ಸ್ ಆ್ಯಪಿನಲ್ಲಿ ಬರೆಯಬೇಕು, ಅಲ್ಲಿ ಕೈತಪ್ಪಿ ಕಳಿಸಿಬಿಡುವ ಭಯವಿಲ್ಲ. ಕನಿಷ್ಠ 90 ನಿಮಿಷ ಬಿಡಬೇಕು. ಸಂದೇಶ ರಾತ್ರಿ ಬಂದಿದ್ದರೆ ಬೆಳಿಗ್ಗೆಯೇ. ಆ ಹೊತ್ತಿನಲ್ಲಿ ಐದು ನಿಮಿಷ ನಿಧಾನ ಉಸಿರಾಟ: ನಿಮಿಷಕ್ಕೆ ಆರು ಉಸಿರು, ಒಳಗೆಳೆದದ್ದಕ್ಕಿಂತ ಹೊರಬಿಡುವುದು ತುಸು ಉದ್ದ. "ಸ್ನೇಹಿತೆಗೆ ಫೋನ್ ಮಾಡಿ ಎಲ್ಲ ಕಕ್ಕಿಬಿಡ್ತೀನಿ, ಹಗುರ ಆಗುತ್ತೆ" ಎಂದು ವಿ ಹೇಳಿದರು. ಹಗುರ ಅನಿಸಬಹುದು, ಆದರೆ ಸಿಟ್ಟು ಇಳಿಯುವುದಿಲ್ಲ. 2002ರಲ್ಲಿ ಮನೋವಿಜ್ಞಾನಿ ಬ್ರಾಡ್ ಬುಶ್‌ಮನ್ ಪ್ರಕಟಿಸಿದ ಪ್ರಯೋಗದಲ್ಲಿ, ತಮ್ಮನ್ನು ಕೆರಳಿಸಿದವರನ್ನೇ ನೆನೆಯುತ್ತ ಪಂಚಿಂಗ್ ಬ್ಯಾಗಿಗೆ ಗುದ್ದಿದವರ ಸಿಟ್ಟು, ಏನೂ ಮಾಡದೆ ಸುಮ್ಮನೆ ಕೂತವರಿಗಿಂತ ಹೆಚ್ಚಿತ್ತು. ಸ್ನೇಹಿತೆಗೆ ಫೋನ್ ಮಾಡಲಿ, ಆದರೆ "ಅವರು ಹೇಗೆ ಮಾಡಿದರು ನೋಡು" ಎನ್ನುವ ಬದಲು "ನಾನೀಗ ಏನು ಬರೆಯಲಿ" ಎಂದು ಕೇಳಲಿ.

ಎರಡನೆಯದು, ಮಬ್ಬು ಮಾತನ್ನು ಬಿಡಿಸುವ ಪ್ರಶ್ನೆಗಳು. "ಎದ್ದು ಕಾಣಬೇಕು" ಎಂದು ಬಂದರೆ ವಿ ಈಗ ಕಳಿಸುವ ಉತ್ತರ ಇದು:

"ನಮಸ್ಕಾರ. ನಿಮ್ಮ ಅಭಿಪ್ರಾಯ ತಲುಪಿತು. ಕೊರತೆ ಅನಿಸುತ್ತಿರುವುದು ಬಣ್ಣದಲ್ಲೋ, ಅಕ್ಷರದಲ್ಲೋ, ಗಾತ್ರದಲ್ಲೋ, ಸುತ್ತಲಿನ ಖಾಲಿ ಜಾಗದಲ್ಲೋ? ನಿಮಗೆ ಇಷ್ಟವಾದ ಬೇರೆ ಎರಡು ಲೋಗೊ ಕಳಿಸಿ, ಪ್ರತಿಯೊಂದರಲ್ಲಿ ಹಿಡಿಸಿದ್ದೇನು ಎಂದು ಒಂದು ಸಾಲು ಬರೆಯಿರಿ. ಬುಧವಾರದೊಳಗೆ ಬಂದರೆ ಶುಕ್ರವಾರ ಸಂಜೆ ಹೊಸ ಕರಡು ಕೊಡುತ್ತೇನೆ. ಇದು ಎರಡನೇ ಮತ್ತು ಕೊನೆಯ ಉಚಿತ ಸುತ್ತು."

ಇದರಲ್ಲಿ ಭಾವನೆಯ ಒಂದು ಪದವೂ ಇಲ್ಲ. ತಲುಪಿತು ಎಂಬ ಮಾಹಿತಿ, ಉತ್ತರಿಸಬಹುದಾದ ಪ್ರಶ್ನೆ, ದಿನಾಂಕ, ಲೆಕ್ಕ, ಅಷ್ಟೇ. ಎರಡು ಸಲ ಬರೆದರೂ ಬಗೆಹರಿಯದಿದ್ದರೆ ಮೂರನೆಯದನ್ನು ಬರೆಯದೆ 15 ನಿಮಿಷ ಫೋನಿನಲ್ಲಿ ಮಾತಾಡಿ, ಒಪ್ಪಿದ್ದನ್ನು ಅದೇ ದಿನ ಬರಹದಲ್ಲಿ ಕಳಿಸಬೇಕು. ಬರಹದಲ್ಲಿ ದನಿಯ ಏರಿಳಿತ ಕಳೆದುಹೋಗುತ್ತದೆ, ಆದರೆ ಬರೆದವರಿಗೆ ಅದು ಗೊತ್ತಾಗುವುದಿಲ್ಲ.

ಮೂರನೆಯದು ಕರಾರು. ಸಿಟ್ಟಿನ ಬೇರು ಹೆಚ್ಚಾಗಿ ಸಿಗುವುದು ಇಲ್ಲೇ. ವಿ ಅವರ ಕರಾರಿನಲ್ಲಿ "ತೃಪ್ತಿಯಾಗುವವರೆಗೆ ತಿದ್ದುಪಡಿ" ಎಂದಿತ್ತು. ಹೊಸಬರಾಗಿದ್ದಾಗ ಕೆಲಸ ಸಿಗಲೆಂದು ಬರೆದದ್ದು, ಹಾಗೇ ಉಳಿದುಬಿಟ್ಟಿತ್ತು. ಆ ಸಾಲಿನ ಪ್ರಕಾರ ಹನ್ನೊಂದನೇ ತಿದ್ದುಪಡಿ ಕೇಳಿದ ಕ್ಲೈಂಟ್ ತಪ್ಪೇ ಮಾಡಿಲ್ಲ! ಇದನ್ನು ಒಪ್ಪಿಕೊಳ್ಳಲು ವಿ ಅವರಿಗೆ ಒಂದು ಇಡೀ ಭೇಟಿ ಬೇಕಾಯಿತು. ಹೊಸ ಕರಾರಿನಲ್ಲಿ ಬಂದವು ಇವು: ಎರಡು ಸುತ್ತು ತಿದ್ದುಪಡಿ, ಒಂದು ಸುತ್ತು ಎಂದರೆ ಎಲ್ಲ ಅಭಿಪ್ರಾಯ ಒಟ್ಟುಗೂಡಿಸಿ, ಒಪ್ಪಿಗೆ ಕೊಡುವ ಅಧಿಕಾರವಿರುವ ಒಬ್ಬರೇ ಕಳಿಸುವ ಒಂದೇ ಪಟ್ಟಿ, ಮೂರನೆಯ ಸುತ್ತಿನಿಂದ ಗಂಟೆ ಲೆಕ್ಕದ ದರ, ಮುಂಗಡ 50 ಶೇಕಡಾ, ಕರಡು ಒಪ್ಪಿದಾಗ 30, ಅಂತಿಮ ಫೈಲಿಗೆ ಮುನ್ನ 20, 14 ದಿನ ಉತ್ತರ ಬಾರದಿದ್ದರೆ ಕೆಲಸ ತಡೆಹಿಡಿದಂತೆ, ಮತ್ತೆ ಶುರುವಾದಾಗ ಹೊಸ ದಿನಾಂಕ. "ಸುತ್ತು" ಎಂಬುದರ ಅರ್ಥ ಬರೆಯದಿದ್ದರೆ ಈ ಇಡೀ ಪಟ್ಟಿ ಕೆಲಸಕ್ಕೆ ಬರುವುದಿಲ್ಲ. ದಿನಕ್ಕೊಂದರಂತೆ ಬಂದ ಐದು ಸಂದೇಶಗಳನ್ನು ಕ್ಲೈಂಟ್ ಒಂದೇ ಸುತ್ತು ಎನ್ನುತ್ತಾರೆ, ಡಿಸೈನರ್ ಐದು ಎನ್ನುತ್ತಾರೆ.

ಇಲ್ಲೊಂದು ಎಡವಟ್ಟಾಯಿತು. ಹೊಸ ನಿಯಮ ತಿಳಿಸಲು ವಿ ಆ ಕ್ಲೈಂಟಿಗೆ ಬರೆದ ಪತ್ರ ಒಂದೂವರೆ ಪುಟವಿತ್ತು. ತಮ್ಮ ನಿದ್ದೆ, ಮನೆಯ ಜವಾಬ್ದಾರಿ, ಹಿಂದಿನ ಹತ್ತು ತಿದ್ದುಪಡಿಗಳ ಚರಿತ್ರೆ, ಮೂರು ಸಲ "ದಯವಿಟ್ಟು ತಪ್ಪು ತಿಳಿಯಬೇಡಿ". ಕ್ಲೈಂಟ್ ಉತ್ತರಿಸಿದ್ದು ಕಾರಣಗಳಿಗೆ ಮಾತ್ರ: ನಮಗೂ ಕಷ್ಟವಿದೆ, ನಮಗೂ ನಿದ್ದೆಯಿಲ್ಲ. ಕಾರಣ ಕೊಟ್ಟಷ್ಟೂ ಚೌಕಾಸಿಗೆ ಜಾಗ ಕೊಟ್ಟಂತೆ. ಮುಂದಿನ ಭೇಟಿಯಲ್ಲಿ ಅದನ್ನು ನಾಲ್ಕು ಸಾಲಿಗೆ ಇಳಿಸಿದೆವು: ಮುಂದಿನ ತಿಂಗಳ 1ರಿಂದ ಎರಡು ಸುತ್ತು, ಹೆಚ್ಚಿನದಕ್ಕೆ ಇಷ್ಟು ದರ, ಸಂದೇಶಗಳಿಗೆ ಕೆಲಸದ ದಿನ ಬೆಳಿಗ್ಗೆ 10ರಿಂದ ಸಂಜೆ 6ರೊಳಗೆ ಉತ್ತರ, ಈಗಿನ ಕೆಲಸ ಹಳೆಯ ಕರಾರಿನಂತೆಯೇ ಮುಗಿಯುತ್ತದೆ. ಕೊನೆಯ ಸಾಲು ಮುಖ್ಯ. ನಡೆಯುತ್ತಿರುವ ಕೆಲಸದ ಮಧ್ಯೆ ನಿಯಮ ಬದಲಿಸಿದರೆ ದೂರುವ ಹಕ್ಕು ಕ್ಲೈಂಟಿಗೇ ಸಿಗುತ್ತದೆ.

ಎರಡು ವಾರದ ಬಳಿಕ ಇನ್ನೊಂದು ಜಾರುವಿಕೆ. ರಾತ್ರಿ 10.30ಕ್ಕೆ ಬಂದ ಸಂದೇಶಕ್ಕೆ ವಿ ಬರೀ ಒಂದು ಹೆಬ್ಬೆರಳಿನ ಇಮೋಜಿ ಕಳಿಸಿದರು. "ಅದು ಉತ್ತರವೇ ಅಲ್ವಲ್ಲ" ಎಂದರು. ಉತ್ತರವೇ. ಒಂಬತ್ತು ಸಲ ಸುಮ್ಮನಿದ್ದು ಹತ್ತನೇ ಸಲ ಉತ್ತರಿಸಿದರೆ, ಒತ್ತಾಯಿಸಿದರೆ ಸಿಗುತ್ತದೆ ಎಂದು ಎದುರಿನವರು ಕಲಿಯುತ್ತಾರೆ. ಆಗೊಮ್ಮೆ ಈಗೊಮ್ಮೆ ಫಲ ಸಿಕ್ಕ ನಡವಳಿಕೆ ಅಳಿಯಲು ಬಹಳ ಸಮಯ ಬೇಕು. ಸಂಕಲ್ಪ ಗಟ್ಟಿ ಮಾಡಿಕೊಳ್ಳಿ ಎಂದು ನಾವು ಹೇಳಲಿಲ್ಲ. ಸಂಜೆ 6ಕ್ಕೆ ಕೆಲಸದ ಆ್ಯಪಿನ ಸೂಚನೆ ತಾನಾಗಿ ಆಫ್ ಆಗುವಂತೆ ಫೋನಿನಲ್ಲೇ ಹೊಂದಿಸಿ ಹೋಗಲು ಹೇಳಿದೆವು.

ಇಷ್ಟಾದರೂ "ಆಗಲ್ಲ" ಎನ್ನುವುದು ಅವರಿಗೆ ಯಾಕೆ ಅಷ್ಟು ಕಷ್ಟ ಎಂಬುದು ನಾಲ್ಕನೇ ಭೇಟಿಯಲ್ಲಿ ಹೊರಬಂತು. ಆದಾಯದ 60 ಶೇಕಡಾ ಆ ಒಬ್ಬ ಕ್ಲೈಂಟಿನಿಂದಲೇ. ಇಂಥ ಸ್ಥಿತಿಯಲ್ಲಿ ಧೈರ್ಯವಾಗಿ ಮಾತಾಡಿ ಎಂದಷ್ಟೇ ಹೇಳುವುದು ಅನ್ಯಾಯ. ಆ ಭಯಕ್ಕೆ ನಿಜವಾದ ಆಧಾರವಿದೆ. ಹಾಗಾಗಿ ಮಾತಿನ ಅಭ್ಯಾಸದ ಪಕ್ಕದಲ್ಲೇ ಎರಡು ಕೆಲಸ ಇಟ್ಟುಕೊಂಡರು: ಮೂರು ತಿಂಗಳ ಖರ್ಚಿನಷ್ಟು ಕೂಡಿಡುವುದು, ಮತ್ತು ವಾರಕ್ಕೆ ಎರಡು ಗಂಟೆ ಹೊಸ ಕ್ಲೈಂಟ್ ಹುಡುಕಲು ಮೀಸಲಿಡುವುದು. ಉಳಿತಾಯ ಒಂದು ತಿಂಗಳ ಖರ್ಚು ಮುಟ್ಟಿದಾಗಲೇ ಅವರ ದನಿ ಬದಲಾದದ್ದು ನಮಗೆ ಗೊತ್ತಾಯಿತು.

ನೋಟ್‌ಬುಕ್ಕಿನ ಎರಡು ಒರಟು ಸಂದೇಶಗಳಿಗೆ ಬೇರೆ ದಾರಿ. ಮೊದಲ ಸಲ ಒಂದೇ ವಾಕ್ಯ: "ಕೆಲಸದ ಬಗ್ಗೆ ಎಷ್ಟು ಕಟುವಾಗಿ ಬೇಕಾದರೂ ಹೇಳಿ, ವೈಯಕ್ತಿಕ ಮಾತು ಬೇಡ." ಎರಡನೇ ಸಲ, ಕೆಲಸ ನಿಲ್ಲಿಸುತ್ತೇನೆಂಬ ಲಿಖಿತ ಸೂಚನೆ. ಮೂರನೇ ಸಲ, ಕರಾರಿನ ಪ್ರಕಾರ ಮುಕ್ತಾಯ: 14 ದಿನದ ನೋಟಿಸ್, ಅಲ್ಲಿವರೆಗಿನ ಬಿಲ್ಲು, ಹಣ ಬಂದ ಮೇಲೆ ಫೈಲ್ ಹಸ್ತಾಂತರ. ಬೆದರಿಕೆ ಬಂದರೆ ಈ ಮೆಟ್ಟಿಲುಗಳಿಲ್ಲ. ಸಂದೇಶಗಳನ್ನು ಉಳಿಸಿಕೊಂಡು, ಫೋನ್ ಎತ್ತದೆ, ಕಾನೂನು ನೆರವು ಪಡೆಯಬೇಕು. ನಿದ್ದೆ ಎರಡು ವಾರಕ್ಕೂ ಮೀರಿ ಕೆಟ್ಟರೆ, ಯಾವುದರಲ್ಲೂ ಆಸಕ್ತಿ ಉಳಿಯದಿದ್ದರೆ ವೈದ್ಯರನ್ನು ಕಾಣಬೇಕು; ಬದುಕೇ ಬೇಡ ಎನಿಸಿದರೆ ಅದೇ ದಿನ. ವಿ ಅವರಿಗೆ ಹಾಗಾಗಿರಲಿಲ್ಲ.

ಆರನೇ ಭೇಟಿಗೆ ನೋಟ್‌ಬುಕ್ಕಿನಲ್ಲಿ ಎರಡು ವಾರಕ್ಕೆ ಐದೇ ನಮೂದು. ಆ ಕ್ಲೈಂಟ್ ಹೊಸ ಕರಾರಿಗೆ ಸಹಿ ಹಾಕಿದ್ದರು, ಮೂರನೇ ಸುತ್ತಿಗೆ ಹಣವನ್ನೂ ಕೊಟ್ಟಿದ್ದರು. ಇನ್ನೊಬ್ಬ ಸಣ್ಣ ಕ್ಲೈಂಟ್ ಬಿಟ್ಟುಹೋಗಿದ್ದರು. ಕೊನೆಯ ನಮೂದು, ಬೆಳಿಗ್ಗೆ 10.05. ಬಂದ ಮಾತು: "ಇನ್ನೂ ಏನೋ ಸರಿ ಇಲ್ಲ." ಓದಿಕೊಂಡದ್ದು: "ಏನು ಅಂತ ಅವರಿಗೂ ಗೊತ್ತಿಲ್ಲ." ಮೈಯಲ್ಲಿ: ದವಡೆ, ಸ್ವಲ್ಪ. ಮಾಡಿದ್ದು: ಪ್ರಶ್ನೆಗಳನ್ನು ಕಳಿಸಿದೆ.