ಗ್ರೀಕ್ ಪುರಾಣದ ವೀರರಿಂದ ಇಂದಿನ ‘ಹೀರೋ’ ಕಲ್ಪನೆಗೆ ಬಂದದ್ದೇನು?

ಪದ ಪೂರ್ತಿ ಬಂದಿದೆ, ಅರ್ಥ ಅರ್ಧ ಮಾತ್ರ. ಗ್ರೀಕರ ‘ಹೀರೋಸ್’ ಒಳ್ಳೆಯವನೇ ಆಗಬೇಕೆಂದಿರಲಿಲ್ಲ. ಸತ್ತ ಮೇಲೂ ಶಕ್ತಿ ಉಳಿಸಿಕೊಂಡು, ಸಮಾಧಿಯ ಬಳಿ ಬಲಿ ಪಡೆಯುವ ಅಸಾಧಾರಣ ವ್ಯಕ್ತಿ ಅವನು.

ಪ್ರಾಚೀನ ಗ್ರೀಕ್ ಪ್ರವಾಸ ಲೇಖಕ ಪೌಸೇನಿಯಸ್ ಬರೆದಿಟ್ಟ ಕ್ಲಿಯೊಮಿಡೀಸ್ ಎಂಬ ಮುಷ್ಟಿಕಾಳಗದವನ ಕಥೆ ನೋಡಿ. ಒಲಿಂಪಿಕ್ಸ್‌ನಲ್ಲಿ ಎದುರಾಳಿಯನ್ನು ಕೊಂದು ಗೆಲುವು ಕಳೆದುಕೊಂಡ. ಹುಚ್ಚು ಹಿಡಿದು ಊರಿಗೆ ಮರಳಿ, ಶಾಲೆಯ ಕಂಬವನ್ನು ಉರುಳಿಸಿದ. ಚಾವಣಿ ಕುಸಿದು ಸುಮಾರು 60 ಮಕ್ಕಳು ಸತ್ತರು. ಜನ ಬೆನ್ನಟ್ಟಿದಾಗ ದೇವಾಲಯದ ಪೆಟ್ಟಿಗೆಯೊಳಗೆ ಅಡಗಿ ಮಾಯವಾದ. ಡೆಲ್ಫಿಯ ಅಪೊಲೊ ದೇಗುಲದ ದೈವವಾಣಿ ಅವನನ್ನು ಶಪಿಸಲಿಲ್ಲ. ವೀರರಲ್ಲಿ ಇವನೇ ಕಡೆಯವನು, ಬಲಿಯಿಟ್ಟು ಗೌರವಿಸಿ ಎಂದಿತು! ಇಂದಿನ ಯಾವ ಸಿನಿಮಾ ನಿರ್ಮಾಪಕನೂ ಇದಕ್ಕೆ ಹಣ ಹಾಕಲಾರ.

ಗ್ರೀಕರ ಮಹಾಬಲಶಾಲಿ ವೀರ ಹೆರಾಕ್ಲೀಸ್ ಕೂಡ ಹುಚ್ಚಿನಲ್ಲಿ ಸ್ವಂತ ಮಕ್ಕಳನ್ನೇ ಕೊಂದವನು. 1938ರಲ್ಲಿ ಹುಟ್ಟಿದ ಸೂಪರ್‌ಮ್ಯಾನ್‌ಗೆ ಅವನ ತೋಳ್ಬಲ ಬಂತು, ಕಳಂಕ ಬರಲಿಲ್ಲ. ನಮ್ಮ ಕಾಲ ವೀರನನ್ನು ತೊಳೆದು ಶುಭ್ರಗೊಳಿಸಿತು ಎನ್ನಬಹುದು.

ಆದರೆ ಟ್ರಾಯ್ ಯುದ್ಧದ ವೀರ ಅಕಿಲೀಸ್ ಹಾಗೆ ಸುಲಭವಾಗಿ ಬಗ್ಗುವುದಿಲ್ಲ. ದೀರ್ಘಾಯುಷ್ಯ ಬಿಟ್ಟು ಕೀರ್ತಿ ಆರಿಸಿಕೊಂಡ ಅವನಿಂದಲೇ ‘ಹುತಾತ್ಮ ಯೋಧ’ನ ಚಿತ್ರಕ್ಕೆ ಬಹುಪಾಲು ಬಣ್ಣ ಬಂದಿದೆ. ಅದೇ ಅಕಿಲೀಸ್ ಸತ್ತ ಮೇಲೆ, ಹೋಮರನ ಮಹಾಕಾವ್ಯ ‘ಒಡಿಸ್ಸಿ’ಯಲ್ಲಿ, ಸತ್ತವರ ರಾಜನಾಗುವುದಕ್ಕಿಂತ ಬಡವನ ಹೊಲದಲ್ಲಿ ಕೂಲಿಯಾಗಿ ಬದುಕುವುದೇ ಮೇಲು ಎನ್ನುತ್ತಾನೆ. ವಿಯೆಟ್ನಾಂ ಯುದ್ಧದಿಂದ ಮರಳಿದ ಸೈನಿಕರಿಗೆ ಚಿಕಿತ್ಸೆ ನೀಡಿದ ಅಮೆರಿಕದ ಮನೋವೈದ್ಯ ಜೊನಾಥನ್ ಶೇ, ಅವರ ಕೋಪ ಮತ್ತು ಶೋಕಗಳನ್ನು 1994ರಲ್ಲಿ ವಿವರಿಸಿದ್ದು ಇದೇ ಅಕಿಲೀಸನ ಮೂಲಕ.